ಊಟದ ಹಾಲ್‌ನಲ್ಲಿ ನೂರು ಬೋರ್ಡ್: ಚೆಸ್, ಕೇರಂ ಟೂರ್ನಿಗೆ ಮಂಗಳೂರು–ಉಡುಪಿಯಲ್ಲಿ ಜಾಗ ಆರಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ನಾವು ನಡೆಸಿದ ಚೆಸ್ ಟೂರ್ನಿಗೆ ವೀಲ್‌ಚೇರ್‌ನಲ್ಲಿ ಒಬ್ಬ ಹುಡುಗ ಬಂದಿದ್ದ. ಒಂಬತ್ತನೇ ತರಗತಿಯವನು. ಹಾಲ್ ಇದ್ದದ್ದು ಮೊದಲ ಮಾಳಿಗೆಯಲ್ಲಿ, ಲಿಫ್ಟ್ ಇರಲಿಲ್ಲ. ನಾವು ನಾಲ್ಕು ಜನ ಸೇರಿ ಕುರ್ಚಿ ಸಮೇತ ಎತ್ತಿ ಮೇಲೆ ತಲುಪಿಸಿದೆವು. ಒಳ್ಳೆಯ ಕೆಲಸ ಮಾಡಿದೆವೆಂಬ ಸಮಾಧಾನ ನಮ್ಮದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೆಳಗಿಳಿದರು, ಅವನು ಇಳಿಯಲಿಲ್ಲ. ತಟ್ಟೆ ಮೇಲೆ ತಂದುಕೊಟ್ಟೆ. ನಾಲ್ಕು ತುತ್ತು ಉಂಡ, ಲೋಟದ ನೀರು ಹಾಗೆಯೇ ಇತ್ತು. ಅವನ ಅಮ್ಮನನ್ನು ಕೇಳಿದೆ. "ಟಾಯ್ಲೆಟ್ ಕೆಳಗೆ ಉಂಟಲ್ಲ ಸರ್, ಮತ್ತೆ ನಿಮ್ಮನ್ನೆಲ್ಲ ಕರೆದು ಹೊತ್ತುಕೊಂಡು ಹೋಗಬೇಕಲ್ಲ ಅಂತ ಬೆಳಿಗ್ಗೆಯಿಂದ ನೀರು ಕುಡಿಯಲಿಲ್ಲ ಅವನು" ಅಂದರು.

ಬಾಡಿಗೆ ಕಡಿಮೆ ಎಂದು ಆ ಹಾಲನ್ನು ಆರಿಸಿದ್ದು ನಾನು. ಅವತ್ತಿನಿಂದ ಜಾಗ ನೋಡಲು ಹೋಗುವಾಗ ನನ್ನ ಕೈಯಲ್ಲಿ ಟೇಪು ಇರುತ್ತದೆ, ಮೊದಲು ಅಳೆಯುವುದು ಶೌಚಾಲಯದ ಬಾಗಿಲನ್ನು. ಬಾಡಿಗೆ ಎಷ್ಟೆಂದು ಕೇಳುವುದು ಆಮೇಲೆ.

ಇನ್ನೂರು ಮಂದಿಯ ಟೂರ್ನಿ ನಡೆಸಲು ಹೊರಟವರು ಈ ಊರುಗಳಲ್ಲಿ ಬಹಳ ಮಂದಿ ಇದ್ದಾರೆ. ಯುವಕ ಮಂಡಲದವರು, ಶಾಲೆಯ ಹಳೆ ವಿದ್ಯಾರ್ಥಿಗಳು, ಚೆಸ್ ಕಲಿಸುವ ಮಾಸ್ಟ್ರು, ಕೇರಂ ಕ್ಲಬ್ಬಿನವರು. ಎಲ್ಲರೂ ಮೊದಲು ಫೋನು ಮಾಡಿ ಕೇಳುವುದು "ಎಷ್ಟು ಜನ ಹಿಡಿಸ್ತದೆ?" ಎಂದು. ಮ್ಯಾನೇಜರ್ "ಎಂಟುನೂರು" ಅನ್ನುತ್ತಾರೆ. ಅದು ಕುರ್ಚಿಯ ಲೆಕ್ಕ. ಮೇಜಿನ ಮೇಲೆ ಆಡುವ ಆಟಕ್ಕೆ ಆ ಲೆಕ್ಕದಿಂದ ಏನೂ ತಿಳಿಯುವುದಿಲ್ಲ.

ಮೊದಲು ನೆಲದ ಲೆಕ್ಕ

ನಮ್ಮ ಟೂರ್ನಿಯನ್ನೇ ಉದಾಹರಣೆಗೆ ಹಿಡಿಯೋಣ. ಚೆಸ್‌ಗೆ 200 ಆಟಗಾರರು, ಅಂದರೆ 100 ಬೋರ್ಡ್. ಕೇರಂ 16 ಬೋರ್ಡ್. ಜೊತೆಗೆ ಹಿರಿಯರಿಗೆಂದು, ಗುಳಿಗಳಿಗೆ ಕಾಯಿ ಹಂಚಿ ಆಡುವ 10 ಚೆನ್ನೆಮಣೆ.

ಚೆಸ್ ಬೋರ್ಡ್ ಒಂದಕ್ಕೆ ಅಗಲದಲ್ಲಿ 3 ಅಡಿ ಬೇಕು. ಉದ್ದಕ್ಕೆ ಮೇಜು 3 ಅಡಿ, ಎರಡು ಬದಿಯ ಕುರ್ಚಿಗಳಿಗೆ ಎರಡೂವರೆ ಎರಡೂವರೆ, ಸಾಲುಗಳ ನಡುವೆ ನಡೆಯಲು 4 ಅಡಿ. ಒಟ್ಟು 12. ಮೂರು ಹನ್ನೆರಡಲ ಮೂವತ್ತಾರು. ಗೋಡೆ ಬದಿಯ ದಾರಿ, ಆರ್ಬಿಟರ್ (ಚೆಸ್ ತೀರ್ಪುಗಾರ) ಮೇಜು ಎಲ್ಲ ಸೇರಿಸಿ ಬೋರ್ಡಿಗೆ 40 ಚದರ ಅಡಿ ಎಂದು ಹಿಡಿದರೆ ಸರಿಹೋಗುತ್ತದೆ. ನೂರು ಬೋರ್ಡಿಗೆ 4,000 ಚದರ ಅಡಿ, ಕಂಬ ಕಳೆದು. ಕೇರಂ ಬೋರ್ಡಿನ ಆಡುವ ಜಾಗ 74 ಸೆಂಟಿಮೀಟರ್ ಚೌಕ, ಸುತ್ತಿನ ಮರ ಸೇರಿದರೆ ಹೆಚ್ಚುಕಡಿಮೆ ಮೂರಡಿ. ಡಬಲ್ಸ್ ಆಡಿದರೆ ನಾಲ್ಕೂ ಕಡೆ ಕುರ್ಚಿ. ಹಾಗಾಗಿ ಒಂದಕ್ಕೆ 70 ಚದರ ಅಡಿ ಬಿಡಬೇಕು, 16ಕ್ಕೆ 1,100ರ ಹತ್ತಿರ ಹೋಗುತ್ತದೆ.

ಸಾಲುಗಳ ನಡುವಿನ ಆ 4 ಅಡಿಯನ್ನು ಕಡಿಮೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಜಾಗ ಸಾಲದಿದ್ದಾಗ ಎಲ್ಲರೂ ಕತ್ತರಿ ಹಾಕುವುದು ಅಲ್ಲಿಗೇ. ಸಾಧಾರಣ ವೀಲ್‌ಚೇರ್ 65 ಸೆಂಟಿಮೀಟರ್ ಅಗಲ ಇರುತ್ತದೆ. ನೇರ ಹೋಗಲು 90 ಸೆಂಟಿಮೀಟರ್ ಸಾಕು, ಆದರೆ ಕುಳಿತವರ ಕುರ್ಚಿ ಹಿಂದಕ್ಕೆ ಸರಿದಿರುತ್ತದೆ, ಕೆಳಗೆ ಚೀಲ ಇರುತ್ತದೆ, ಯಾರೋ ನಿಂತು ಪಕ್ಕದ ಆಟ ನೋಡುತ್ತಿರುತ್ತಾರೆ. ಸಾಲಿನ ಕೊನೆಯಲ್ಲಿ ತಿರುಗಲು 5 ಅಡಿ ಚೌಕ ಬೇಕು.

ಜೊತೆಗೆ ಬರುವವರ ಲೆಕ್ಕವೂ ಉಂಟು. ಹದಿನೈದರೊಳಗಿನ ಮಕ್ಕಳು ಒಬ್ಬೊಬ್ಬರೇ ಬರುವುದಿಲ್ಲ. ಅಪ್ಪ, ಅಮ್ಮ, ಕೆಲವೊಮ್ಮೆ ಅಜ್ಜಿ ಮತ್ತು ಪುಟ್ಟ ತಂಗಿ. 200 ಆಟಗಾರರೆಂದರೆ ಹಾಲ್‌ಗೆ 500 ಜನ ಬರುತ್ತಾರೆಂದೇ ತಿಳಿಯಿರಿ. ಅವರಿಗೆ ಕೂರಲು ಬೇರೆ ಜಾಗ ಇಲ್ಲದಿದ್ದರೆ ಅವರು ಆಟದ ಹಾಲ್‌ನ ಕಿಟಕಿಗೆ ಮುಖ ಅಂಟಿಸಿ ನಿಲ್ಲುತ್ತಾರೆ, ಒಳಗಿರುವ ಮಗುವಿನ ಕೈ ನಡುಗುತ್ತದೆ.

ಕಲ್ಯಾಣ ಮಂಟಪ, ದೇವಸ್ಥಾನದ ಸಭಾಭವನ

ನನ್ನ ಮೊದಲ ಆಯ್ಕೆ ಇದು. ಕಾರಣ ಅದರ ಊಟದ ಹಾಲ್.

ಮಂಟಪ ನೋಡಲು ಹೋದರೆ ಮ್ಯಾನೇಜರ್ ಮೊದಲು ವೇದಿಕೆ ಇರುವ ದೊಡ್ಡ ಹಾಲ್ ತೋರಿಸುತ್ತಾರೆ. ಝೂಮರ್, ಪರದೆ, ಎಸಿ. ಅಲ್ಲಿ ಕುರ್ಚಿಗಳು ಮಾತ್ರ ಇರುತ್ತವೆ, ಮೇಜಿಲ್ಲ. "ಊಟದ ಹಾಲ್ ತೋರಿಸಿ ಅಣ್ಣ" ಅನ್ನಿ. ಅಲ್ಲಿ ಸಾಲು ಸಾಲು ಮೇಜು ಉಂಟು, ಟ್ಯೂಬ್‌ಲೈಟ್ ಹತ್ತಿರದಲ್ಲಿದೆ, ನೆಲ ಸಮತಟ್ಟು, ಕೈತೊಳೆಯುವ ನಲ್ಲಿ ಪಕ್ಕದಲ್ಲಿ. ಹಲವು ಕಡೆ ಅದು ನೆಲಮಾಳಿಗೆಯಲ್ಲೋ ರಸ್ತೆಯ ಮಟ್ಟದಲ್ಲೋ ಇರುತ್ತದೆ. ಆಟ ಅಲ್ಲಿ ನಡೆಸಿ, ಪೋಷಕರನ್ನು ವೇದಿಕೆಯ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಕೂರಿಸಿ. ಬಹುಮಾನ ವಿತರಣೆಯೂ ಅಲ್ಲಿಯೇ ಆಗುತ್ತದೆ.

ಒಂದು ತೊಡಕು ಉಂಟು, ಅದನ್ನು ಅಳೆದೇ ಕಂಡುಕೊಂಡದ್ದು. ಊಟದ ಮೇಜಿಗೆ ಒಂದೇ ಬದಿಯಲ್ಲಿ ಜನ ಕೂರುವುದು, ಎದುರು ಬದಿಯಿಂದ ಬಡಿಸುವುದು. ಹಾಗಾಗಿ ಅದರ ಅಗಲ ಬಾಳೆಲೆಗೆ ಸಾಕಾಗುವಷ್ಟು, ಒಂದೂವರೆ ಅಡಿಯ ಆಸುಪಾಸು. ಟೂರ್ನಿಯ ರೆಕ್ಸಿನ್ ಬೋರ್ಡ್ ಹಾಸಿದೆ. ಬೋರ್ಡಿನ ಅಂಚು ಮೇಜಿನ ಅಂಚಿಗೆ ಸರಿಯಾಗಿ ಬಂದು ನಿಂತಿತು. ಕೊಂದ ಕಾಯಿ ಇಡಲು ಜಾಗ ಇಲ್ಲ, ಗಡಿಯಾರಕ್ಕಿಲ್ಲ, ಮೊಣಕೈ ಊರಲು ಇಲ್ಲ. ಎರಡು ಮೇಜುಗಳನ್ನು ಎದುರುಬದುರು ಜೋಡಿಸಿದರೆ ಮೂರಡಿ ಆಗುತ್ತದೆ, ನಮ್ಮ ಲೆಕ್ಕಕ್ಕೆ ಹೊಂದುತ್ತದೆ. ಆದರೆ ಮೇಜುಗಳ ಸಂಖ್ಯೆ ದುಪ್ಪಟ್ಟಾಗಬೇಕು. ಮೇಜಿನ ಕಾಲನ್ನು ನೆಲಕ್ಕೆ ಕಾಂಕ್ರೀಟಿನಲ್ಲಿ ಕೂಡಿಸಿದ ಹಾಲ್‌ಗಳೂ ಉಂಟು. ಅವನ್ನು ಅಲ್ಲಿಗೇ ಬಿಟ್ಟು ಮುಂದಿನ ಹಾಲ್ ನೋಡಲು ಹೋಗಿ.

ಮೇಜಿನ ಕೆಳಗೂ ಬಗ್ಗಿ ನೋಡಿ. ಎರಡು ಕಾಲುಗಳ ನಡುವೆ ಅಡ್ಡ ಕಬ್ಬಿಣದ ಪಟ್ಟಿ ಇದ್ದರೆ ವೀಲ್‌ಚೇರ್‌ನ ಪಾದದ ಹಲಗೆ ಅದಕ್ಕೆ ತಾಗುತ್ತದೆ, ಆಟಗಾರ ಬೋರ್ಡಿನಿಂದ ಒಂದಡಿ ದೂರ ಕೂತು ಕೈಚಾಚಿ ಆಡಬೇಕಾಗುತ್ತದೆ. ಅಂತಹ ಕಡೆ ಒಂದೆರಡು ಸಾಧಾರಣ ಮೇಜುಗಳನ್ನು ಹೊರಗಿನಿಂದ ತಂದು ಬಾಗಿಲ ಹತ್ತಿರ ಹಾಕಬಹುದು. ವಿಶ್ವ ಚೆಸ್ ಸಂಸ್ಥೆ ಫಿಡೆ ಹೇಳುವ ಮೇಜಿನ ಎತ್ತರ 74 ಸೆಂಟಿಮೀಟರ್, ಅದು ಹೆಚ್ಚಿನ ವೀಲ್‌ಚೇರ್‌ಗಳಿಗೂ ಹೊಂದುತ್ತದೆ.

ಮಂಟಪದ ರ‍್ಯಾಂಪ್ ಬಗ್ಗೆ ಒಂದು ಮಾತು. "ರ‍್ಯಾಂಪ್ ಉಂಟು" ಅಂದರೆ ಸಾಲದು, ನೋಡಲೇಬೇಕು. ನಿಯಮ ಒಂದಕ್ಕೆ ಹನ್ನೆರಡು: ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಆರಾರು ಇಂಚಿನ ಮೂರು ಮೆಟ್ಟಿಲಿದ್ದರೆ ಹದಿನೆಂಟು ಅಡಿಯ ರ‍್ಯಾಂಪ್ ಬೇಕು. ಎಷ್ಟೋ ಕಡೆ ಅದೇ ಮೂರು ಮೆಟ್ಟಿಲಿಗೆ ಆರಡಿಯ ಸಿಮೆಂಟ್ ಇಳಿಜಾರು ಕಟ್ಟಿರುತ್ತಾರೆ. ಅದು ಅಡುಗೆಯ ಕೊಪ್ಪರಿಗೆ ಎಳೆಯಲು ಮಾಡಿದ್ದು. ಮಳೆಯಲ್ಲಿ ಪಾಚಿ ಕಟ್ಟಿದ ಮೇಲೆ ಅದರಲ್ಲಿ ಒಬ್ಬ ವ್ಯಕ್ತಿಯನ್ನು ಕೂರಿಸಿ ತಳ್ಳುವುದು ಅಪಾಯ. ಇನ್ನು ಕೆಲವರು "ಅಡುಗೆ ಮನೆ ಕಡೆಯಿಂದ ಬರಬಹುದು" ಅನ್ನುತ್ತಾರೆ. ಒದ್ದೆ ನೆಲ, ಎಣ್ಣೆಯ ಜಿಡ್ಡು, ಉರಿಯುವ ಒಲೆ. ಎಲ್ಲ ಆಟಗಾರರೂ ಎದುರು ಬಾಗಿಲಲ್ಲಿ ಬರುವಾಗ ಒಬ್ಬನನ್ನು ಹಿಂಬದಿಯಿಂದ ಕರೆತರುವುದನ್ನು ನಾನು ಒಪ್ಪುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರ ಬಳಕೆಗೂ ಸಿಗಬೇಕು ಅನ್ನುತ್ತದೆ. ಈ ಮಾತನ್ನು ಜಗಳದ ಧ್ವನಿಯಲ್ಲಿ ಅಲ್ಲದೆ ವಿನಂತಿಯಾಗಿ ಹೇಳಿದರೆ ಕೇಳುವ ಆಡಳಿತ ಮಂಡಳಿಗಳು ನಮ್ಮಲ್ಲಿ ಬೇಕಾದಷ್ಟು ಇವೆ.

ಚರ್ಚ್ ಹಾಲ್

ಮಂಗಳೂರಿನ ದೊಡ್ಡ ಅನುಕೂಲ ಚರ್ಚ್ ಹಾಲ್‌ಗಳು. ಹಂಪನಕಟ್ಟೆಯ ಮಿಲಾಗ್ರಿಸ್‌ನಂಥ ಕಡೆಗೆ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದಲೂ ಸೆಂಟ್ರಲ್ ರೈಲು ನಿಲ್ದಾಣದಿಂದಲೂ ನಡೆದೇ ಬರಬಹುದು. ನಾವು ಕಂಡ ಮಟ್ಟಿಗೆ ನಿರ್ವಹಣೆ ಅಚ್ಚುಕಟ್ಟು, ಮಾತು ನೇರ, ಕೊಟ್ಟ ಸಮಯಕ್ಕೆ ಬೀಗ ತೆರೆಯುತ್ತಾರೆ. ಭಾನುವಾರ ಬೆಳಿಗ್ಗೆ ಮಾತ್ರ ಪೂಜೆಗೆ ಬರುವವರ ವಾಹನಗಳಿಂದ ಆವರಣ ತುಂಬಿರುತ್ತದೆ. ನಿಮ್ಮ ಮೊದಲ ಸುತ್ತು ಒಂಬತ್ತೂವರೆಗೆ ಇದ್ದರೆ ವೀಲ್‌ಚೇರ್ ಇಳಿಸುವ ಕಾರಿಗೆ ಬಾಗಿಲ ಎದುರು ಜಾಗ ಕಾದಿಡಲು ಫಾದರ್ ಹತ್ತಿರ ಮೊದಲೇ ಮಾತಾಡಿ. ಹಾಲ್ ಮೇಲಿನ ಮಾಳಿಗೆಯಲ್ಲಿದ್ದರೆ ಲಿಫ್ಟ್ ಉಂಟೇ, ಭಾನುವಾರವೂ ನಡೆಯುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಿ.

ಶಾಲೆ, ಕಾಲೇಜು

ಕಡಿಮೆ ಖರ್ಚು ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಶಾಲೆ. ಮುಖ್ಯೋಪಾಧ್ಯಾಯರು ಪರಿಚಯದವರಾದರೆ ಬಾಡಿಗೆಯೇ ಇಲ್ಲದೆಯೂ ಸಿಗಬಹುದು. ಆದರೆ ತರಗತಿಯ ಡೆಸ್ಕ್ ಮೇಲೆ ಒಮ್ಮೆ ಪೆನ್ಸಿಲ್ ಇಟ್ಟು ನೋಡಿ. ಉರುಳಿದರೆ ಆ ಡೆಸ್ಕ್ ಬರೆಯಲು ಇಳಿಜಾರು ಮಾಡಿದ್ದು, ಅದರ ಮೇಲೆ ಗಡಿಯಾರದ ಗುಂಡಿ ಜೋರಾಗಿ ಒತ್ತಿದಾಗಲೆಲ್ಲ ಕಾಯಿಗಳು ಸರಿಯುತ್ತವೆ. ಎರಡನೆಯದು, ಒಂದು ಕೋಣೆಗೆ ಹದಿನೈದು, ಇಪ್ಪತ್ತು ಬೋರ್ಡ್‌ಗಿಂತ ಹೆಚ್ಚು ಹಿಡಿಸದು. ನೂರು ಬೋರ್ಡಿಗೆ ಐದರಿಂದ ಏಳು ಕೋಣೆ, ಪ್ರತಿ ಕೋಣೆಗೂ ಒಬ್ಬ ಆರ್ಬಿಟರ್. ಸ್ವಿಸ್ ಪದ್ಧತಿಯಲ್ಲಿ ಪ್ರತಿ ಸುತ್ತಿಗೂ ಎದುರಾಳಿ ಬದಲಾಗುತ್ತಾನೆ, ಬೋರ್ಡ್ ಸಂಖ್ಯೆ ಬದಲಾಗುತ್ತದೆ. ಗೆದ್ದವರು ಮೇಲಿನ ಬೋರ್ಡಿಗೆ, ಸೋತವರು ಕೆಳಗಿನ ಬೋರ್ಡಿಗೆ. ಕೋಣೆಗಳು ಎರಡು ಮಾಳಿಗೆಯಲ್ಲಿ ಹಂಚಿದ್ದರೆ ಮಕ್ಕಳು ಇಡೀ ದಿನ ಮೆಟ್ಟಿಲಲ್ಲೇ ಓಡಾಡುತ್ತಾರೆ. ನಡೆಯಲು ಕಷ್ಟ ಇರುವ ಆಟಗಾರನಿಗೆ ಒಂದೇ ಬೋರ್ಡ್ ಕೊಟ್ಟು, ಎದುರಾಳಿಯೇ ಅಲ್ಲಿಗೆ ಬರುವಂತೆ ಮಾಡುವುದು ಸಾಧ್ಯ, ಮಾಡಲೂಬೇಕು. ಅದನ್ನು ಜೋಡಿ ಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಇಲ್ಲವಾದರೆ ಎದುರಾಳಿ ಬೇರೆಲ್ಲೋ ಕಾಯುತ್ತಿರುತ್ತಾನೆ.

ಹೊಸ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಲಿಫ್ಟ್ ಇರುತ್ತದೆ, ದೊಡ್ಡ ಪರೀಕ್ಷಾ ಹಾಲ್ ಇರುತ್ತದೆ, ಮೇಜು ಸಮತಟ್ಟು. ಅಂಥದ್ದು ಸಿಕ್ಕಿದರೆ ಬಿಡಬೇಡಿ. ತೊಂದರೆ ಏನೆಂದರೆ ಅವು ಊರ ಹೊರಗೆ ಇರುತ್ತವೆ, ಭಾನುವಾರ ಬಸ್ಸು ಕಡಿಮೆ.

ಇನ್ನು ಖರ್ಚಿನ ಮಾತು. ಅರ್ಥವಾಗಲೆಂದು ದುಂಡು ಸಂಖ್ಯೆಗಳನ್ನು ಕಲ್ಪಿಸಿಕೊಳ್ಳೋಣ. ಶಾಲೆ 10,000 ರೂಪಾಯಿ ಕೇಳಿತು ಅನ್ನಿ. ಡೆಸ್ಕ್ ಇಳಿಜಾರಿನದು, ಶಾಮಿಯಾನದವರಿಂದ 100 ಮೇಜು ತಲಾ 100ರಂತೆ ತಂದಿರಿ, ಮತ್ತೆ 10,000. ಲಾರಿ, ಹಮಾಲಿ 6,000. ಜನರೇಟರ್ 7,000. ಮರುದಿನ ಶಾಲೆ ಇರುವುದರಿಂದ ರಾತ್ರಿಯೇ ಗುಡಿಸಿ ಒರೆಸಲು 3,000. ಕೋಣೆಗಳು ಹಂಚಿಹೋದದ್ದಕ್ಕೆ ಹೆಚ್ಚಿನ ಮೂವರು ಆರ್ಬಿಟರ್‌ಗಳಿಗೆ 1,500ರಂತೆ 4,500. ಒಟ್ಟು 40,500. ಮಂಟಪದವರು ಮೇಜು, ಕುರ್ಚಿ, ಜನರೇಟರ್ ಸೇರಿಸಿ 30,000 ಹೇಳಿದರು ಅನ್ನಿ. ಅದರ ಮೇಲೆ ಶೇ. 18 ಜಿಎಸ್‌ಟಿ 5,400. ಮೀಟರ್ ಪ್ರಕಾರ ಕರೆಂಟಿಗೆ 3,000, ಸ್ವಚ್ಛತೆಗೆ 2,000. ಒಟ್ಟು 40,400. ಫೋನಿನಲ್ಲಿ ಕೇಳುವಾಗ ಮೂರು ಪಟ್ಟು ದುಬಾರಿಯಾಗಿ ಕಂಡದ್ದು ಕೊನೆಗೆ ಸರಿಸಮ ಆಯಿತು. ನೀವು ಪಡೆದ ನಿಜವಾದ ದರಗಳನ್ನು ಇದೇ ರೀತಿ ಎರಡು ಕಾಲಂ ಮಾಡಿ ಬರೆದು ನೋಡಿ. ಧಾರ್ಮಿಕ ದತ್ತಿ ಸಂಸ್ಥೆಗಳು ತಮ್ಮ ದೇವಸ್ಥಾನ, ಚರ್ಚ್‌ಗಳ ಆವರಣದ ಹಾಲನ್ನು ದಿನಕ್ಕೆ 10,000 ರೂಪಾಯಿಗಿಂತ ಕಡಿಮೆ ಬಾಡಿಗೆಗೆ ಕೊಟ್ಟರೆ ಜಿಎಸ್‌ಟಿ ವಿನಾಯಿತಿ ಇದೆ. ಸಣ್ಣ ಟೂರ್ನಿಯವರಿಗೆ ಇದು ದೊಡ್ಡ ಉಳಿತಾಯ, ಕೇಳಿ ನೋಡಿ.

ಒಳಾಂಗಣ ಕ್ರೀಡಾಂಗಣ, ಪುರಭವನ, ಕನ್ವೆನ್ಶನ್ ಸೆಂಟರ್

ಇವು ಮೂರನ್ನೂ ಬೇಗ ಹೇಳಿ ಮುಗಿಸುತ್ತೇನೆ.

ಮಂಗಳಾ ಕ್ರೀಡಾಂಗಣದ ಹತ್ತಿರದ ಯು.ಎಸ್. ಮಲ್ಯ ಒಳಾಂಗಣ ಕ್ರೀಡಾಂಗಣದಂಥ ಕಡೆ ನೆಲ ವಿಶಾಲ, ಕಂಬದ ಕಾಟ ಇಲ್ಲ, ಒಂದೇ ನೋಟಕ್ಕೆ ನೂರು ಬೋರ್ಡೂ ಕಾಣುತ್ತದೆ. ಆರ್ಬಿಟರ್‌ಗಳಿಗೆ ಇದಕ್ಕಿಂತ ಸುಖ ಬೇರೆ ಇಲ್ಲ. ಯಾವುದೇ ಒಳಾಂಗಣ ಕ್ರೀಡಾಂಗಣದಲ್ಲಿ ನೋಡಬೇಕಾದ್ದು ಮೂರು: ಆಟದ ಅಂಕಣದ ಮೇಲೆ ಕುರ್ಚಿ, ಮೇಜು ಇಡಲು ಬಿಡುತ್ತಾರೆಯೇ ಅಥವಾ ಮ್ಯಾಟ್ ಹಾಸಲು ಹೇಳುತ್ತಾರೆಯೇ, ಎತ್ತರದ ದೀಪದ ಬೆಳಕು ಬೋರ್ಡಿನ ಮೇಲೆ ನೆರಳಿಲ್ಲದೆ ಬೀಳುತ್ತದೆಯೇ, ಮತ್ತು ಮಾಡು ಶೀಟಿನದೇ. ಶೀಟಿನ ಮಾಡಿನ ಮೇಲೆ ನಮ್ಮ ಜುಲೈ ಮಳೆ ಸುರಿಯತೊಡಗಿದರೆ ಆರ್ಬಿಟರ್ ಮೈಕಿನಲ್ಲಿ ಹೇಳಿದ್ದೂ ಕೇಳುವುದಿಲ್ಲ.

ಪುರಭವನ, ರಂಗಮಂದಿರಗಳ ಬಗ್ಗೆ ನನಗೆ ಬಹಳ ಗೌರವ ಇದೆ. ಆದರೆ ನಾಟಕಕ್ಕೂ ಯಕ್ಷಗಾನಕ್ಕೂ ಕಟ್ಟಿದ, ಖಾಯಂ ಕುರ್ಚಿ ಮತ್ತು ಇಳಿಜಾರು ನೆಲದ ಸಭಾಂಗಣ ಯಾವುದಾದರೂ ಸರಿ, ಮೇಜು ಹಾಕಲು ಆಗುವುದಿಲ್ಲ. ಸರ್ಕಾರಿ ಜಾಗಗಳ ರಸೀದಿಯ ಹಿಂಬದಿಯನ್ನೂ ಓದಿ. ಸರ್ಕಾರಿ ಕಾರ್ಯಕ್ರಮ ಬಂದರೆ ಬುಕಿಂಗ್ ರದ್ದು ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ, ಚುನಾವಣೆಯ ವರ್ಷದಲ್ಲಿ ಅದು ನಿಜವೂ ಆಗುತ್ತದೆ.

ಕೊಡಿಯಾಲ್‌ಬೈಲಿನ ಟಿ.ಎಂ.ಎ. ಪೈ ಕನ್ವೆನ್ಶನ್ ಸೆಂಟರ್ ಮಟ್ಟದ ಜಾಗಗಳು ದೊಡ್ಡ ಪ್ರಾಯೋಜಕರು ಸಿಕ್ಕಿದವರಿಗೆ. ಈ ವರ್ಗದಲ್ಲಿ ಬಾಡಿಗೆಗಿಂತ ಊಟದ ಷರತ್ತು ಭಾರ: ಹೊರಗಿನ ಅಡುಗೆ ತರುವಂತಿಲ್ಲ, ಇಷ್ಟು ತಟ್ಟೆಗೆ ಕಡಿಮೆಯಾಗುವಂತಿಲ್ಲ ಎಂದು ಹಲವರು ಹೇಳುತ್ತಾರೆ. ಪ್ರವೇಶ ಶುಲ್ಕ ಕಡಿಮೆ ಇಡಬೇಕೆಂದಿದ್ದರೆ ಆ ಬಾಗಿಲು ತಟ್ಟದಿರುವುದೇ ಒಳ್ಳೆಯದು. ಆಟೋ ಓಡಿಸುವವರ ಮಗಳೂ ಆಡಬೇಕಾದ ಟೂರ್ನಿ ಇದು.

ಯಾವ ತಿಂಗಳು?

ಬಾಡಿಗೆ ಇಳಿಸುವ ಉಪಾಯ ಚೌಕಾಸಿಯಲ್ಲಿಲ್ಲ, ಪಂಚಾಂಗದಲ್ಲಿದೆ. ಮದುವೆ ಇಲ್ಲದ ದಿನ ಮಂಟಪ ಖಾಲಿ.

ಡಿಸೆಂಬರ್ ಮಧ್ಯದಿಂದ ಮಕರ ಸಂಕ್ರಾಂತಿಯವರೆಗೆ ಧನುರ್ಮಾಸ. ಹಿಂದೂ ಮದುವೆಗಳಿಲ್ಲ, ಮಳೆ ಇಲ್ಲ, ಸೆಕೆ ಕಡಿಮೆ, ಮಕ್ಕಳಿಗೆ ಕ್ರಿಸ್‌ಮಸ್ ರಜೆಯೂ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕರಾವಳಿಯಲ್ಲಿ ಟೂರ್ನಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆದರೆ ಅದೇ ಹೊತ್ತಿಗೆ ಚರ್ಚ್ ಹಾಲ್ ಕೇಳಲು ಹೋಗಬೇಡಿ. ಕ್ರಿಸ್‌ಮಸ್ ಕಳೆದದ್ದೇ ಅಲ್ಲಿ ಮದುವೆಗಳ ಸಾಲು, ಗಲ್ಫಿನಿಂದ ಊರಿಗೆ ಬಂದವರೆಲ್ಲ ಅದೇ ಹದಿನೈದು ದಿನದಲ್ಲಿ ಶುಭಕಾರ್ಯ ಮುಗಿಸಿಕೊಳ್ಳುತ್ತಾರೆ. ಚರ್ಚ್ ಹಾಲ್ ಬೇಕೆಂದರೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಸರಿ. ಆಗ ಕ್ರೈಸ್ತರ ಮದುವೆಗಳು ಸಾಮಾನ್ಯವಾಗಿ ನಡೆಯುವುದಿಲ್ಲ. ಅದು ಪರೀಕ್ಷೆಯ ಸಮಯವಾದ್ದರಿಂದ ಮಕ್ಕಳ ಟೂರ್ನಿಗೆ ಆಗದು, ದೊಡ್ಡವರ ಕೇರಂಗೆ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ತುಳುವರ ಆಟಿ ತಿಂಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಮಂಟಪಗಳು ಖಾಲಿ, ಮ್ಯಾನೇಜರ್ ತಾನಾಗಿಯೇ ದರ ಇಳಿಸುತ್ತಾರೆ. ಚೆನ್ನೆಮಣೆ ಆಡುವುದು ಆಟಿಯಲ್ಲೇ ಅಲ್ಲವೇ? ಗದ್ದೆ ಕೆಲಸ ಮುಗಿದು, ಹೊರಗೆ ಮಳೆ ಬಿಡದೆ ಸುರಿಯುವಾಗ ಚಾವಡಿಯಲ್ಲಿ ಕೂತು ಆಡುತ್ತಿದ್ದ ಆಟ. ಬದಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿ. ನಮ್ಮ ಅಜ್ಜಿಯಂದಿರು ಆಟಿ ಕಳೆದ ಮೇಲೆ ಮಣೆಯನ್ನು ಅಟ್ಟಕ್ಕೆ ಏರಿಸಿಬಿಡುತ್ತಿದ್ದರು. ಹಾಗಾಗಿ ಹಿರಿಯರನ್ನೂ ಸೇರಿಸಿಕೊಂಡು ಟೂರ್ನಿ ಮಾಡುವವರಿಗೆ ಆಟಿ ಮನಸ್ಸಿಗೆ ಹತ್ತಿರದ ಆಯ್ಕೆ. ಒಂದು ಮಾತು: ಹಿಂದೆ ನೆಲದಲ್ಲಿ ಕೂತು ಆಡಿದವರಿಗೆ ಈಗ ಮಂಡಿ ನೋವು. ಮಣೆಗೆ ಮೇಜು, ಕೈಯಿರುವ ಕುರ್ಚಿ ಹಾಕಿಕೊಡಿ.

ಆಟಿಯ ಕಷ್ಟಗಳೂ ಉಂಟು. ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುತ್ತಾರೆ, ಆ ವಾರ ಪೋಷಕರು ಮಕ್ಕಳನ್ನು ದೂರ ಕಳಿಸುವುದಿಲ್ಲ. ಭಾನುವಾರಗಳಂದು "ಆಟಿಡೊಂಜಿ ದಿನ" (ಆಟಿಯಲ್ಲೊಂದು ದಿನ) ಕಾರ್ಯಕ್ರಮಗಳಿಗೆ ಸಂಘಸಂಸ್ಥೆಗಳು ಹಾಲ್ ಹಿಡಿದಿರುತ್ತವೆ, ಶನಿವಾರ ಕೇಳಿ. ಮರ ಬಿದ್ದು ಕರೆಂಟು ಹೋಗುವುದಂತೂ ಇದ್ದದ್ದೇ. ಚೆಸ್ ಗಡಿಯಾರ ಬ್ಯಾಟರಿಯದು, ದೀಪ ಆರಿದರೂ ಅದು ಓಡುತ್ತಲೇ ಇರುತ್ತದೆ. ರ‍್ಯಾಪಿಡ್ ಆಟದಲ್ಲಿ ಒಬ್ಬೊಬ್ಬರಿಗೆ ಸಿಗುವುದು ಹತ್ತು ನಿಮಿಷಕ್ಕಿಂತ ಹೆಚ್ಚು, ಅರವತ್ತಕ್ಕಿಂತ ಕಡಿಮೆ. ನಾವು ಇಡುವುದು ಹದಿನೈದು. ಅದರಲ್ಲಿ ಎರಡು ನಿಮಿಷ ಕತ್ತಲಲ್ಲಿ ಕಳೆದರೆ ಆಟವೇ ಕೈತಪ್ಪುತ್ತದೆ. ಜನರೇಟರ್ ತಾನಾಗಿ ಚಾಲೂ ಆಗುತ್ತದೆಯೇ, ಅಥವಾ ಯಾರಾದರೂ ಹೋಗಿ ಚಾಲೂ ಮಾಡಬೇಕೇ, ಆ ಮನುಷ್ಯ ಅವತ್ತು ಇರುತ್ತಾನೆಯೇ ಎಂದು ಕೇಳಿ.

ಮಂಗಳೂರೋ ಉಡುಪಿಯೋ

ಎರಡು ಊರಿಗೆ ಅರವತ್ತು ಕಿಲೋಮೀಟರ್ ಒಳಗಿನ ಅಂತರ, ರಾಷ್ಟ್ರೀಯ ಹೆದ್ದಾರಿ 66ರ ನೇರ ದಾರಿ. ಆದರೂ ಆಟಗಾರರು ಎಲ್ಲಿಂದ ಬರುತ್ತಾರೆ ಎಂಬುದರ ಮೇಲೆ ನಿರ್ಧಾರ ಬದಲಾಗಬೇಕು. ಕಾಸರಗೋಡು, ಪುತ್ತೂರು, ಬಂಟ್ವಾಳ, ಸುಳ್ಯದವರು ಹೆಚ್ಚಿದ್ದರೆ ಮಂಗಳೂರು. ಕುಂದಾಪುರ, ಕಾರ್ಕಳ, ಭಟ್ಕಳದವರು ಹೆಚ್ಚಿದ್ದರೆ ಉಡುಪಿ. ಮಂಗಳೂರಿಗೆ ರೈಲಿನಲ್ಲಿ ಬರುವವರಿಗೆ ನಿಲ್ದಾಣದ ಹೆಸರು ಬಿಡಿಸಿ ಹೇಳಿ. ಸೆಂಟ್ರಲ್ ಪೇಟೆಯ ನಡುವೆ ಇದೆ. ಕೇರಳದಿಂದ ಕೊಂಕಣ ಮಾರ್ಗವಾಗಿ ಹೋಗುವ ದೂರದ ರೈಲುಗಳಲ್ಲಿ ಹೆಚ್ಚಿನವು ನಿಲ್ಲುವುದು ಪಡೀಲು ಕಡೆಯ ಜಂಕ್ಷನ್‌ನಲ್ಲಿ. ಉಡುಪಿಯ ನಿಲ್ದಾಣ ಇಂದ್ರಾಳಿಯಲ್ಲಿ, ಪೇಟೆಗೆ ಮತ್ತೆ ಆಟೋ ಬೇಕು.

ಉಡುಪಿಯ ದೊಡ್ಡ ಗುಣ ಅಂದರೆ ಊರು ಕೈಯಳತೆಯದು. ಸಿಟಿ ಬಸ್‌ಸ್ಟ್ಯಾಂಡ್, ಸರ್ವಿಸ್ ಬಸ್‌ಸ್ಟ್ಯಾಂಡ್, ಅಜ್ಜರಕಾಡು, ಮಠದ ಪರಿಸರ ಎಲ್ಲ ಹತ್ತಿರ ಹತ್ತಿರ. ಕಡಿಮೆ ಖರ್ಚಿನಲ್ಲಿ ಒಳ್ಳೆಯ ಸಸ್ಯಾಹಾರ ಎಲ್ಲಿ ಹೋದರೂ ಸಿಗುತ್ತದೆ. ಆದರೆ ಶನಿವಾರ, ಭಾನುವಾರ ಕೃಷ್ಣ ಮಠಕ್ಕೆ ಬರುವ ಯಾತ್ರಿಕರಿಂದ ಲಾಡ್ಜ್‌ಗಳು ತುಂಬಿರುತ್ತವೆ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ರಂದು, ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಉತ್ಸವ ಬರುತ್ತದೆ. ಆ ತಿಂಗಳ ಮೊದಲ ಮೂರು ವಾರ ಉಡುಪಿಯಲ್ಲಿ ಟೂರ್ನಿ ಇಡುವ ಯೋಚನೆಯನ್ನೇ ಬಿಟ್ಟುಬಿಡಿ. ಹಾಲ್ ಸಿಕ್ಕಿದರೂ ಆಟಗಾರರಿಗೆ ರೂಮು ಸಿಗದು.

ಒಂದೇ ಹಾಲ್‌ನಲ್ಲಿ ಎಲ್ಲ ಆಟ ಬೇಡ

ಚೆಸ್ ಮತ್ತು ಕೇರಂ ಒಂದೇ ಕೋಣೆಯಲ್ಲಿ ಇಡಬೇಡಿ. ಸ್ಟ್ರೈಕರ್ ಚೌಕಟ್ಟಿಗೆ ಬಡಿದಾಗ ಬರುವ ಸದ್ದು ಹದಿನಾರು ಬೋರ್ಡಿನಿಂದ ಒಟ್ಟಿಗೆ ಬಂದರೆ ಚೆಸ್ ಆಡುವವರಿಗೆ ಯೋಚನೆ ನಿಲ್ಲುತ್ತದೆ. ಇನ್ನೊಂದು ಕಾರಣ ಫ್ಯಾನ್. ಚೆಸ್‌ನವರಿಗೆ ಸೆಕೆ, ಫ್ಯಾನ್ ಬೇಕು. ಕೇರಂನವರಿಗೆ ಪೌಡರ್ ಹಾರುತ್ತದೆ, ಫ್ಯಾನ್ ಬೇಡ. ಕೇರಂಗೆ ಪ್ರತಿ ಬೋರ್ಡಿನ ಮೇಲೂ ನೇತಾಡುವ ದೀಪ ಬೇಕು. ಅದನ್ನು ಕಟ್ಟಲು ಮಾಡಿನಲ್ಲಿ ಕೊಕ್ಕೆಯೋ ಅಡ್ಡ ಕಂಬಿಯೋ ಇದೆಯೇ ನೋಡಿ. ಇಲ್ಲವಾದರೆ ಶಾಮಿಯಾನದವರ ಪೈಪ್ ಕಟ್ಟಿಸಿಕೊಳ್ಳಬೇಕು, ಅದೂ ಖರ್ಚಿನ ಕಾಲಂಗೆ ಸೇರಲಿ.

ದೃಷ್ಟಿ ಇಲ್ಲದ ಆಟಗಾರರು ಬಂದರೆ ಅವರು ತಮ್ಮದೇ ಬೋರ್ಡ್ ತರುತ್ತಾರೆ. ಕಪ್ಪು ಮನೆಗಳು ಸ್ವಲ್ಪ ಉಬ್ಬಿರುತ್ತವೆ, ಪ್ರತಿ ಮನೆಯಲ್ಲೂ ಕಾಯಿ ಸಿಕ್ಕಿಸುವ ತೂತು, ಕಪ್ಪು ಕಾಯಿಗಳಿಗೆ ಬೆರಳಿಗೆ ತಿಳಿಯುವ ಗುರುತು. ಎದುರಾಳಿಯದು ಬೇರೆ ಬೋರ್ಡ್. ನಡೆಗಳನ್ನು ಇಬ್ಬರೂ ಬಾಯಲ್ಲಿ ಹೇಳುತ್ತಾರೆ. ಅಂದರೆ ಒಂದು ಜೋಡಿಗೆ ಎರಡು ಬೋರ್ಡಿನ ಮೇಜು, ಸದ್ದಿಲ್ಲದ ಮೂಲೆ, ಬಾಗಿಲಿಂದ ನೇರ ದಾರಿ. ಆ ಮೂಲೆಯನ್ನು ನಕ್ಷೆಯಲ್ಲಿ ಮೊದಲು ಗುರುತು ಮಾಡಿ, ಉಳಿದ ಸಾಲುಗಳನ್ನು ಆಮೇಲೆ ಹಾಕಿ. ಕಿವಿ ಕೇಳದವರಿಗಾಗಿ ಸುತ್ತು ಆರಂಭವಾಗುವಾಗ ಮೈಕಿನ ಜೊತೆಗೆ ಒಂದು ದೀಪ ಆರಿಸಿ ಹೊತ್ತಿಸುವ ವ್ಯವಸ್ಥೆ ಸಾಕು, ಖರ್ಚೇ ಇಲ್ಲ.

ಮುಂಗಡ ಕೊಡುವ ಮುಂಚೆ

ಖಾಲಿ ಹಾಲ್ ನೋಡಿ ನಿರ್ಧಾರ ಮಾಡಬೇಡಿ. ಅಲ್ಲಿ ಮದುವೆ ನಡೆಯುವ ದಿನ, ಊಟದ ಹೊತ್ತಿಗೆ ಹೋಗಿ ಹತ್ತು ನಿಮಿಷ ನಿಂತುಕೊಳ್ಳಿ. ಶೌಚಾಲಯದ ಎದುರು ಸಾಲು ಎಷ್ಟು, ನೀರು ಮುಗಿಯಿತೇ, ಕಾರುಗಳು ರಸ್ತೆಗೆ ಬಂದವೇ, ಮೇಜು ಒರೆಸಿದ ಮೇಲೆ ಅಲುಗಾಡುತ್ತದೆಯೇ ಎಲ್ಲ ಅಲ್ಲೇ ಕಾಣುತ್ತದೆ. ಎರಡು ಸುತ್ತಿನ ನಡುವಿನ ಹತ್ತು ನಿಮಿಷದಲ್ಲಿ ಇನ್ನೂರು ಮಕ್ಕಳು ಶೌಚಾಲಯಕ್ಕೆ ಓಡುತ್ತಾರೆ. ನಮ್ಮ ಸುತ್ತುಗಳು ತಡವಾದದ್ದು ಹೆಚ್ಚಾಗಿ ಅಲ್ಲಿಯೇ.

ಬೀಗದ ಕೈ ಯಾವಾಗ ಸಿಗುತ್ತದೆ ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಶನಿವಾರ ರಾತ್ರಿ ಆರತಕ್ಷತೆ ಇದ್ದರೆ ಹಾಲ್ ಖಾಲಿಯಾಗುವುದು ಹನ್ನೊಂದಕ್ಕೆ, ತೊಳೆದು ಒಣಗುವಾಗ ನಡುರಾತ್ರಿ. ನೂರು ಬೋರ್ಡ್ ಹಾಸಿ ಕಾಯಿ ಜೋಡಿಸಲು ಎಂಟು ಜನರಿಗೆ ಎರಡು ಗಂಟೆಯಾದರೂ ಬೇಕು. ಮೇಜಿನ ಸಂಖ್ಯೆ, ಜನರೇಟರ್ ಗಂಟೆ, ಠೇವಣಿ ಹಿಂದಿರುಗಿಸುವ ದಿನ, ಇವೂ ರಸೀದಿಯಲ್ಲಿರಲಿ.

ಈ ಬಾರಿಯ ಧನುರ್ಮಾಸಕ್ಕೆ ನಾವು ನೋಡಿದ ಹಾಲ್‌ಗಳು ಒಂಬತ್ತು. ಕೊನೆಗೆ ಎರಡು ಉಳಿದವು, ಬಾಡಿಗೆ ಹೆಚ್ಚುಕಡಿಮೆ ಒಂದೇ. ಮೊದಲು ಹೇಳಿದ ಹುಡುಗ ಈಗ ಪಿಯುಸಿಯಲ್ಲಿದ್ದಾನೆ. ಅವನನ್ನೂ ಅವನ ಅಮ್ಮನನ್ನೂ ಎರಡೂ ಕಡೆ ಕರೆದುಕೊಂಡು ಹೋದೆವು. ಮೊದಲನೆಯದರಲ್ಲಿ ರ‍್ಯಾಂಪ್ ಹತ್ತಲು ಹಿಂದಿನಿಂದ ಒಬ್ಬರು ತಳ್ಳಬೇಕಾಯಿತು. ಎರಡನೆಯದು ದೇವಸ್ಥಾನವೊಂದರ ಸಭಾಭವನ. ಊಟದ ಹಾಲ್ ರಸ್ತೆಯ ಮಟ್ಟದಲ್ಲಿದೆ, ಅವನು ತಾನೇ ಚಕ್ರ ತಿರುಗಿಸಿಕೊಂಡು ಒಳಗೆ ಹೋದ, ಮೇಜಿನ ಕೆಳಗೆ ಮಂಡಿ ಸೇರಿತು. ಆಮೇಲೆ ಶೌಚಾಲಯದ ಕಡೆ ಹೋದವನು ಐದು ನಿಮಿಷ ಬಿಟ್ಟು ಬಂದು, "ಬಾಗಿಲು ಅಗಲ ಸರಿ ಉಂಟು ಸರ್. ಆದರೆ ಒಳಗಡೆಗೆ ತೆರೆಯುತ್ತದೆ. ನಾನು ಒಳಗೆ ಹೋದ ಮೇಲೆ ಮುಚ್ಚಲಿಕ್ಕೆ ಆಗುವುದಿಲ್ಲ" ಅಂದ. ನನ್ನ ಟೇಪು ಅಳೆದದ್ದು ಅಗಲವನ್ನು ಮಾತ್ರ. ಮ್ಯಾನೇಜರ್ ಅವನ ಜೊತೆ ಹೋಗಿ ಬಾಗಿಲನ್ನು ಎರಡು ಸಲ ಎಳೆದು, ತಳ್ಳಿ 
ನೋಡಿದರು. ಮರುವಾರ ಮುಂಗಡ ಕೊಡಲು ಹೋದಾಗ ಬಡಗಿ ಬಂದು ಹೋಗಿಯಾಗಿತ್ತು. ತಿರುಪುಗಳು ಹೊಸತು, ಹಳೆಯ ಕೀಲಿನ ಜಾಗದಲ್ಲಿ ತುಂಬಿದ ಮರದ ಪುಡಿ ಇನ್ನೂ ಹಸಿಯಾಗಿತ್ತು, ಬಾಗಿಲು ಹೊರಕ್ಕೆ ತೆರೆಯುತ್ತಿತ್ತು.